ಒಂದೇ ಪದಕ್ಕೆ ಅಡಿಗೆರೆಯೂ ಕಾಟೂ: ಲೇಟೆಕ್‌ನಲ್ಲಿ ಇದು ಯಾಕೆ ಸುಲಭ ಅಲ್ಲ

ಅಮೆರಿಕದ ಮಿನ್ನೆಸೋಟ ರಾಜ್ಯದ ಶಾಸನಸಭೆಯ ಮಸೂದೆಗಳನ್ನು ನೋಡಿದರೆ ಒಂದು ಪದ್ಧತಿ ಕಾಣುತ್ತದೆ. ಹಳೆಯ ಕಾನೂನಿನಿಂದ ತೆಗೆಯಬೇಕಾದ ಪದಗಳ ಮೇಲೆ ಕಾಟು ಹಾಕಿರುತ್ತಾರೆ. ಹೊಸದಾಗಿ ಸೇರಿಸುವ ಪದಗಳಿಗೆ ಅಡಿಗೆರೆ ಎಳೆದಿರುತ್ತಾರೆ. ಹಳೆಯದು ಯಾವುದು, ಹೊಸದು ಯಾವುದು ಅಂತ ಒಂದೇ ಪುಟದಲ್ಲಿ ಗೊತ್ತಾಗುತ್ತದೆ.

ಈಗ ಒಂದು ಕರಡು ಇಬ್ಬರ ಕೈ ದಾಟಿತು ಅಂದುಕೊಳ್ಳಿ. ಮೊದಲನೆಯವರು ಒಂದು ವಾಕ್ಯ ಸೇರಿಸಿದರು. ಅದಕ್ಕೆ ಅಡಿಗೆರೆ ಬಿತ್ತು. ಎರಡನೆಯವರು ಅದು ಬೇಡ ಅಂದರು. ಅದರ ಮೇಲೆ ಕಾಟು ಬಿತ್ತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ (ಪ್ರತಿ ತಿದ್ದುಪಡಿಯನ್ನೂ ಗುರುತು ಹಾಕಿ ತೋರಿಸುವ ಸೌಲಭ್ಯ) ಹಾಕಿಕೊಂಡು ಕೆಲಸ ಮಾಡುವವರಿಗೆ ಈ ಎರಡು ಗೆರೆಯ ವಾಕ್ಯ ಚೆನ್ನಾಗಿ ಗೊತ್ತು. ಇದು ಅಲಂಕಾರಕ್ಕೆ ಹಾಕಿದ್ದಲ್ಲ. ಬರೀ ಕಾಟು ಬಿದ್ದ ಪದ ಮೂಲದಲ್ಲಿ ಇತ್ತು, ಈಗ ಹೋಗುತ್ತಿದೆ. ಬರೀ ಅಡಿಗೆರೆ ಇರುವ ಪದ ಮೂಲದಲ್ಲಿ ಇರಲಿಲ್ಲ, ಈಗ ಬರುತ್ತಿದೆ. ಎರಡೂ ಬಿದ್ದ ಪದ ಮೂಲದಲ್ಲಿ ಯಾವತ್ತೂ ಇರಲಿಲ್ಲ; ನಡುವೆ ಬಂತು, ನಡುವೆಯೇ ಹೋಯಿತು. ನಾಳೆ ತಿದ್ದುಪಡಿಗಳನ್ನೆಲ್ಲ ಕೈಬಿಟ್ಟರೆ ಮೊದಲ ಬಗೆಯ ಪದ ಉಳಿಯಬೇಕು, ಮೂರನೇ ಬಗೆಯದು ಉಳಿಯಬಾರದು. ಹಾಗಾಗಿ ಎರಡು ಗೆರೆಗಳಲ್ಲಿ ಒಂದು ಕಾಣದೆ ಹೋದರೂ ಅರ್ಥವೇ ಬದಲಾಗುತ್ತದೆ.

ವರ್ಡ್‌ನಲ್ಲಿ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಅಡಿಗೆರೆ ಒಂದು ಗುಣ, ಕಾಟು ಇನ್ನೊಂದು ಗುಣ. ದಪ್ಪಕ್ಷರ, ಓರೆ ಅಕ್ಷರ ಇದ್ದ ಹಾಗೆ ಎರಡನ್ನೂ ಒಂದೇ ಪದಕ್ಕೆ ಕೊಡಬಹುದು. ಲೇಟೆಕ್ ಬೇರೆ ಥರ. ಅದು ಪಠ್ಯದ ನಡುವೆ ಕಮಾಂಡ್ ಬರೆದು ಪುಟ ಜೋಡಿಸುವ ಪ್ರೋಗ್ರಾಂ. ಅದರಲ್ಲಿ ಪ್ರಬಂಧ, ಪುಸ್ತಕ ಮಾಡುವವರು ಇದೇ ಕೆಲಸಕ್ಕೆ ಕೈ ಹಾಕಿದಾಗ ಸಾಲು ಅಂಚಿನಿಂದ ಆಚೆ ಹೋಗುತ್ತದೆ, ಒಂದು ಗೆರೆ ಬಂದು ಇನ್ನೊಂದು ಬರುವುದಿಲ್ಲ, ಇಲ್ಲವೇ ಪ್ರೋಗ್ರಾಂ ನಡುವೆಯೇ ಎರರ್ ಕೊಟ್ಟು ನಿಲ್ಲುತ್ತದೆ. ಯಾಕೆ ಹೀಗೆ?

ಗೆರೆ ಅಕ್ಷರದ ಭಾಗ ಅಲ್ಲ

ಲೇಟೆಕ್‌ನ ಅಡಿಪಾಯ ಟೆಕ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಪ್ರೂಫ್ ನೋಡಿ, ಅಚ್ಚಿನ ಗುಣಮಟ್ಟಕ್ಕೆ ಬೇಸರಪಟ್ಟು, 1977ರಲ್ಲಿ ಅದರ ಕೆಲಸ ಶುರು ಮಾಡಿದರು. ಒಳ್ಳೆಯ ಅಚ್ಚಿನ ಪುಸ್ತಕ ಹೇಗಿರಬೇಕು ಅನ್ನುವುದೇ ಅವರ ಗುರಿ. ಆ ಸಂಪ್ರದಾಯದಲ್ಲಿ ಅಡಿಗೆರೆಗೆ ಜಾಗವೇ ಕಡಿಮೆ. ಅಡಿಗೆರೆ ಟೈಪ್‌ರೈಟರಿನ ಅಭ್ಯಾಸ. ಅದರಲ್ಲಿ ಓರೆ ಅಕ್ಷರ ಇರಲಿಲ್ಲ, ಹಾಗಾಗಿ ಹಿಂದಕ್ಕೆ ಸರಿದು ಪದದ ಕೆಳಗೆ ಗೆರೆ ಒತ್ತುತ್ತಿದ್ದರು. ಹಸ್ತಪ್ರತಿಯಲ್ಲಿ ಅಡಿಗೆರೆ ಇದ್ದರೆ ಮುದ್ರಕರು ಅದನ್ನು 'ಇಲ್ಲಿ ಓರೆ ಅಕ್ಷರ ಹಾಕು' ಅಂತ ಓದಿಕೊಳ್ಳುತ್ತಿದ್ದರು. ಸೀಸದ ಅಚ್ಚಿನಲ್ಲಿ ನಿಜವಾದ ಅಡಿಗೆರೆ ಬೇಕಾದರೆ ಸಾಲಿನ ಕೆಳಗೆ ತೆಳುವಾದ ಲೋಹದ ಪಟ್ಟಿ ಸೇರಿಸಬೇಕಿತ್ತು. ಅದು ಅಕ್ಷರದಿಂದ ಬೇರೆಯೇ ಆದ ವಸ್ತು.

ಟೆಕ್‌ನಲ್ಲೂ ಹಾಗೆಯೇ. ಅದಕ್ಕೆ ಅಕ್ಷರದ ಆಕಾರ ಗೊತ್ತಿಲ್ಲ. ಗೊತ್ತಿರುವುದು ಅಗಲ, ಬುಡದ ಗೆರೆಯಿಂದ ಮೇಲಿನ ಎತ್ತರ, ಕೆಳಗಿನ ಆಳ, ಇಷ್ಟೇ. ಪ್ರತಿ ಅಕ್ಷರವೂ ಒಂದು ಡಬ್ಬಿ. ಪದಗಳ ನಡುವಿನ ಜಾಗಕ್ಕೆ ಗ್ಲೂ ಅನ್ನುತ್ತಾರೆ. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಸಾಲನ್ನು ಎಲ್ಲಿ ಮುರಿಯಬೇಕು ಅಂತ ಟೆಕ್ ಒಂದೊಂದೇ ಸಾಲು ನೋಡಿ ನಿರ್ಧರಿಸುವುದಿಲ್ಲ. ಇಡೀ ಪ್ಯಾರಾ ಓದಿ, ಎಲ್ಲ ಸಾಲುಗಳೂ ಒಟ್ಟಿಗೆ ಚೆನ್ನಾಗಿ ಕಾಣುವ ಹಾಗೆ ಮುರಿಯುತ್ತದೆ. ಕನೂತ್ ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಈ ವಿಧಾನವೇ ಟೆಕ್‌ನ ದೊಡ್ಡ ಶಕ್ತಿ.

ತೊಡಕು ಹುಟ್ಟುವುದೂ ಇಲ್ಲೇ. ಗೆರೆ ಎಳೆಯಬೇಕಾದರೆ ಅದು ಎಲ್ಲಿಂದ ಎಲ್ಲಿಯವರೆಗೆ ಅಂತ ಗೊತ್ತಿರಬೇಕು. ಪ್ಯಾರಾ ಮುರಿಯುವ ತನಕ ಅದು ಗೊತ್ತಾಗುವುದಿಲ್ಲ. ಆದರೆ ನಾವು ಕಮಾಂಡ್ ಕೊಡುವುದು ಪ್ಯಾರಾ ಮುರಿಯುವುದಕ್ಕಿಂತ ಮುಂಚೆ. ಅಡಿಗೆರೆ, ಕಾಟು ಇವುಗಳಿಗಾಗಿ ಇರುವ ಪ್ಯಾಕೇಜುಗಳೆಲ್ಲ (ಲೇಟೆಕ್‌ಗೆ ಹೊಸ ಕಮಾಂಡುಗಳನ್ನು ಸೇರಿಸುವ ಕಡತಗಳು) ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು: ಗೆರೆಯನ್ನು ಯಾವಾಗ ಎಳೆಯಬೇಕು? ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಯಾವ ಪ್ಯಾಕೇಜ್ ಎಲ್ಲಿ ಕೈ ಕೊಡುತ್ತದೆ ಅಂತ ಮೊದಲೇ ಊಹಿಸಬಹುದು.

ಲೇಟೆಕ್‌ನಲ್ಲಿ ಹುಟ್ಟಿನಿಂದಲೇ ಇರುವ ಅಂಡರ್‌ಲೈನ್ ಕಮಾಂಡ್ ತೀರಾ ಸರಳ ಉತ್ತರ ಕೊಡುತ್ತದೆ. ಕೊಟ್ಟ ಪಠ್ಯವನ್ನೆಲ್ಲ ಒಂದೇ ಡಬ್ಬಿಗೆ ಹಾಕಿ, ಡಬ್ಬಿಯ ಕೆಳಗೆ ಗೆರೆ ಎಳೆಯುತ್ತದೆ. ಡಬ್ಬಿ ಮುರಿಯುವುದಿಲ್ಲ, ಹಾಗಾಗಿ ಉದ್ದದ ಪಠ್ಯ ಕೊಟ್ಟರೆ ಅಂಚು ದಾಟಿ ಓಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಡಬ್ಬಿಯ ಆಳ ಎಷ್ಟೋ, ಗೆರೆ ಅಷ್ಟು ಕೆಳಗೆ ಬೀಳುತ್ತದೆ. 'ಮರ' ಅಂದರೆ ಗೆರೆ ಮೇಲೆ, 'ರಾಷ್ಟ್ರ' ಅಂದರೆ ಗೆರೆ ತುಂಬಾ ಕೆಳಗೆ. ಎರಡೂ ಪದ ಅಕ್ಕಪಕ್ಕ ಬೇರೆ ಬೇರೆ ಡಬ್ಬಿಯಲ್ಲಿ ಇದ್ದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೆರಡು ಪದದ ಶೀರ್ಷಿಕೆಗೆ ಸಾಕು, ಅದಕ್ಕಿಂತ ಜಾಸ್ತಿ ಕೆಲಸಕ್ಕೆ ಬೇಡ.

ಯುಲೆಮ್, ಸೋಲ್: ಎರಡು ಹಳೆಯ ದಾರಿ

ಡೊನಾಲ್ಡ್ ಆರ್ಸೆನೋ ಬರೆದ ಯುಲೆಮ್ ಪ್ಯಾಕೇಜ್ ಪಠ್ಯವನ್ನು ಪದ ಪದವಾಗಿ ಬಿಡಿಸುತ್ತದೆ. ಪ್ರತಿ ಪದಕ್ಕೆ ಒಂದು ಡಬ್ಬಿ, ಡಬ್ಬಿಯ ಅಗಲಕ್ಕೆ ಗೆರೆ. ಪದಗಳ ನಡುವಿನ ಗ್ಲೂ ಇರುವ ಕಡೆ ಲೀಡರ್ಸ್ ಎಂಬ ಸಾಮಗ್ರಿ ಇಡುತ್ತದೆ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರಿನಿಂದ ಪುಟ ಸಂಖ್ಯೆಯವರೆಗೆ ಚುಕ್ಕೆಗಳ ಸಾಲು ಇರುತ್ತದಲ್ಲ, ಅದೇ ಲೀಡರ್ಸ್. ಗ್ಲೂ ಎಷ್ಟು ಹಿಗ್ಗಿದರೂ ಅಷ್ಟು ಜಾಗ ಗೆರೆಯಿಂದ ತುಂಬುತ್ತದೆ. ಸಾಲು ಅಲ್ಲಿ ಮುರಿಯಲೂ ಬಹುದು. ಒಳ್ಳೆಯ ಉಪಾಯ. ಗೆರೆಯ ಆಳ ಬದಲಿಸಿದರೆ ಸಾಕು, ಅಡಿಗೆರೆಯೇ ಕಾಟು ಆಗುತ್ತದೆ: ಆಳಕ್ಕೆ ಋಣ ಸಂಖ್ಯೆ ಕೊಟ್ಟರೆ ಗೆರೆ ಬುಡದಿಂದ ಮೇಲಕ್ಕೆ ಏರಿ ಅಕ್ಷರದ ನಡುವೆ ಕೂರುತ್ತದೆ. ಅಲೆಗೆರೆ, ಚುಕ್ಕೆಗೆರೆ, ಜೋಡಿ ಅಡಿಗೆರೆ ಇವೂ ಇದೇ ಯಂತ್ರದಿಂದ ಬರುತ್ತವೆ.

ಯುಲೆಮ್‌ನಲ್ಲಿ ಅಡಿಗೆರೆ ಮತ್ತು ಕಾಟು ಸೇರಿಸುವುದು ಹೇಗೆ? ಒಂದೆರಡು ಪದಕ್ಕಾದರೆ ಒಂದು ಕಮಾಂಡಿನೊಳಗೆ ಇನ್ನೊಂದನ್ನು ಇಡಬಹುದು. ಸಾಲುಗಟ್ಟಲೆ ಪಠ್ಯಕ್ಕೆ ನಾನು ಹಾಗೆ ಮಾಡುವುದಿಲ್ಲ. ಒಳಗಿನ ಕಮಾಂಡ್ ಮೊದಲೇ ಡಬ್ಬಿಗಳನ್ನೂ ಲೀಡರ್ಸ್‌ಗಳನ್ನೂ ಮಾಡಿಟ್ಟಿರುತ್ತದೆ, ಹೊರಗಿನದಕ್ಕೆ ಅದು ಸಾದಾ ಪಠ್ಯವಾಗಿ ಸಿಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ಯುಲೆಮ್ ಒಳಗೇ ಇದೆ. ಅದರಲ್ಲಿ ಮಾರ್ಕ್‌ಓವರ್‌ವಿತ್ ಎಂಬ ಕಮಾಂಡ್ ಇದೆ. ನೀವು ಒಂದು ಚಿಕ್ಕ ಗುರುತು ಕೊಟ್ಟರೆ ಅದನ್ನೇ ಮತ್ತೆ ಮತ್ತೆ ಜೋಡಿಸುತ್ತಾ ಪಠ್ಯದ ಉದ್ದಕ್ಕೂ ಹಾಕುತ್ತದೆ. ಆ ಗುರುತು ಒಂದೇ ಗೆರೆ ಆಗಿರಬೇಕು ಅಂತ ಏನಿಲ್ಲ. 2 ಪಾಯಿಂಟ್ ಅಗಲದ ಒಂದು ತುಂಡು ಗೆರೆ ಬುಡದ ಕೆಳಗೆ, ಅಷ್ಟೇ ಅಗಲದ ಇನ್ನೊಂದು ತುಂಡು ಅಕ್ಷರದ ನಡುವಿನ ಎತ್ತರಕ್ಕೆ. ಎರಡನ್ನೂ ಒಂದರ ಮೇಲೊಂದು ಕೂರಿಸಿ ಒಂದೇ ಗುರುತು ಅಂತ ಕೊಡಿ. ಆಮೇಲೆ ಯುಎಲ್-ಆನ್ ಎಂಬ ಕಮಾಂಡ್ ಕೆಲಸ ಶುರು ಮಾಡುತ್ತದೆ. ಈಗ ಪಠ್ಯ ಒಂದೇ ಸಲ ಯಂತ್ರದ ಮೂಲಕ ಹೋಗುತ್ತದೆ, ಎರಡು ಗೆರೆ ಒಟ್ಟಿಗೆ ಬರುತ್ತವೆ, ಸಾಲು ಸರಿಯಾಗಿ ಮುರಿಯುತ್ತದೆ. ಎರಡು ಗೆರೆಗೆ ಬೇರೆ ಬೇರೆ ದಪ್ಪ, ಬೇರೆ ಬೇರೆ ಬಣ್ಣ ಬೇಕಾದರೂ ಆ ಚಿಕ್ಕ ಗುರುತಿನಲ್ಲೇ ಕೊಡಬಹುದು. ಟೆಕ್‌ನಲ್ಲಿ ಗೆರೆಯ ಮಾಮೂಲಿ ದಪ್ಪ 0.4 ಪಾಯಿಂಟ್. ದಪ್ಪಕ್ಷರದ ಮೇಲೆ ಅಷ್ಟು ತೆಳು ಗೆರೆ ಕಾಣುವುದೇ ಇಲ್ಲ, ಆದ್ದರಿಂದ ಅಂಥ ಕಡೆ ಮಾತ್ರ ಕಾಟನ್ನು ಸ್ವಲ್ಪ ದಪ್ಪ ಮಾಡುವುದು ಒಳ್ಳೆಯದು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಯುಲೆಮ್ ಸೇರಿಸಿದ ಕೂಡಲೇ ಡಾಕ್ಯುಮೆಂಟಿನಲ್ಲಿ ಒತ್ತು ಕೊಡಲು ಬಳಸಿದ ಓರೆ ಅಕ್ಷರಗಳೆಲ್ಲ ಅಡಿಗೆರೆಗೆ ಬದಲಾಗುತ್ತವೆ. ನಾರ್ಮಲ್‌ಎಮ್ ಎಂಬ ಆಯ್ಕೆ ಕೊಟ್ಟು ಸೇರಿಸಿದರೆ ಹಾಗಾಗುವುದಿಲ್ಲ.

ಯುಲೆಮ್‌ನ ದೊಡ್ಡ ಕೊರತೆ ಅಂದರೆ ಪದ ಡಬ್ಬಿಯೊಳಗೆ ಕೂತ ಮೇಲೆ ಅದು ತಾನಾಗಿ ಮುರಿಯುವುದಿಲ್ಲ. ಇಂಗ್ಲಿಷ್ ಪದಗಳು ಚಿಕ್ಕವು, ಅಲ್ಲಿ ಹೇಗೋ ನಡೆಯುತ್ತದೆ. ಕನ್ನಡದಲ್ಲಿ 'ಹೋಗಬೇಕಾಗಿದ್ದವರೆಲ್ಲರಿಗೂ' ಅಂತ ಒಂದೇ ಪದ ಅರ್ಧ ಸಾಲು ತಿನ್ನುತ್ತದೆ. ಅದು ಸಾಲಿನ ಕೊನೆಗೆ ಬಂದರೆ ಒಂದೋ ಅಂಚು ದಾಟುತ್ತದೆ, ಇಲ್ಲಾ ಹಿಂದಿನ ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿಡುತ್ತದೆ. ಎಲ್ಲಿ ಮುರಿಯಬಹುದು ಅಂತ ನಾವೇ ಕೈಯಿಂದ ಗುರುತು ಹಾಕಬೇಕು.

ಮೆಲ್ಕಿಯರ್ ಫ್ರಾಂಜ್ ಬರೆದ ಸೋಲ್ ಪ್ಯಾಕೇಜ್ ಈ ಕೊರತೆಯನ್ನು ಬೇರೆ ರೀತಿ ಬಗೆಹರಿಸುತ್ತದೆ. ಅದು ಪದವನ್ನೂ ಒಡೆದು, ಹೈಫನ್ ಬರಬಹುದಾದ ತುಂಡು ತುಂಡುಗಳಾಗಿ ಮಾಡಿಕೊಂಡು, ಪ್ರತಿ ತುಂಡಿಗೂ ಗೆರೆ ಹಾಕುತ್ತದೆ. ಹಾಗಾಗಿ ಪದ ನಡುವೆ ಮುರಿದರೂ ಗೆರೆ ಹಾಗೇ ಇರುತ್ತದೆ. ಆದರೆ ಇದಕ್ಕಾಗಿ ಪಠ್ಯವನ್ನು ಅದು ತಾನೇ ಒಂದೊಂದಾಗಿ ಓದಿಕೊಂಡು ಹೋಗಬೇಕು. ನಡುವೆ ತನಗೆ ಗೊತ್ತಿಲ್ಲದ ಕಮಾಂಡ್ ಸಿಕ್ಕರೆ ಎಡವುತ್ತದೆ. ಸೋಲ್‌ನ ಅಡಿಗೆರೆ ಕಮಾಂಡಿನೊಳಗೆ ಸೋಲ್‌ನ ಕಾಟು ಕಮಾಂಡ್ ಇಟ್ಟವರಿಗೆ ಎರರ್ ಬರುವುದು ಇದೇ ಕಾರಣಕ್ಕೆ. ಎರಡೂ ಗೆರೆ ಬೇಕಾದರೆ ಸೋಲ್ ನನ್ನ ಮೊದಲ ಆಯ್ಕೆ ಅಲ್ಲ. ಅಕ್ಷರಗಳ ನಡುವೆ ಜಾಗ ಬಿಡಿಸುವ ಕಮಾಂಡ್ ಕೂಡ ಅದರಲ್ಲಿ ಇದೆ. ಅದನ್ನಂತೂ ಕನ್ನಡಕ್ಕೆ ಹಚ್ಚಲೇಬೇಡಿ. ಒತ್ತಕ್ಷರದ ಭಾಗಗಳು ಬೇರೆ ಬೇರೆಯಾಗಿ ಬಿದ್ದು ಪದ ಓದಲು ಆಗುವುದಿಲ್ಲ.

ಸಾಲು ಮುರಿದ ಮೇಲೆ ಗೆರೆ ಎಳೆದರೆ?

ಟೆಕ್‌ನ ಹೊಸ ರೂಪವಾದ ಲುವಾಟೆಕ್ ಬಂದ ಮೇಲೆ ಈ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕಿತು. ಅದರಲ್ಲಿ ಟೆಕ್‌ನ ಒಳಗೆ ಲುವಾ ಭಾಷೆಯ ಪ್ರೋಗ್ರಾಂ ಓಡುತ್ತದೆ, ಟೆಕ್‌ನ ಕೆಲಸದ ನಡುನಡುವೆ ಕೈ ಹಾಕಲು ಅವಕಾಶ ಇದೆ. ಪ್ರತಿ ಅಕ್ಷರಕ್ಕೂ ಕಣ್ಣಿಗೆ ಕಾಣದ ಒಂದು ಚೀಟಿ ಅಂಟಿಸಬಹುದು. ಮಾರ್ಸೆಲ್ ಕ್ರೂಗರ್ ಬರೆದ ಲುವಾ-ಯುಎಲ್ ಪ್ಯಾಕೇಜ್ ಇದನ್ನೇ ಬಳಸುತ್ತದೆ. ನಾವು ಕಮಾಂಡ್ ಕೊಟ್ಟಾಗ ಅದು ಗೆರೆ ಎಳೆಯುವುದಿಲ್ಲ. 'ಈ ಅಕ್ಷರಗಳಿಗೆ ಅಡಿಗೆರೆ ಬೇಕು' ಅಂತ ಚೀಟಿ ಅಂಟಿಸಿ ಸುಮ್ಮನಿರುತ್ತದೆ. ಟೆಕ್ ಎಂದಿನಂತೆ ಪ್ಯಾರಾ ಮುರಿಯುತ್ತದೆ, ಹೈಫನ್ ಹಾಕುತ್ತದೆ, ಅಕ್ಷರ ಜೋಡಿಸುತ್ತದೆ. ಎಲ್ಲ ಅದರದರ ಜಾಗಕ್ಕೆ ಕೂತ ಮೇಲೆ ಪ್ಯಾಕೇಜ್ ಬಂದು ಚೀಟಿ ನೋಡಿ ಗೆರೆ ಎಳೆಯುತ್ತದೆ.

ಅಡಿಗೆರೆಗೆ ಒಂದು ಚೀಟಿ, ಕಾಟಿಗೆ ಇನ್ನೊಂದು. ಒಂದೇ ಅಕ್ಷರಕ್ಕೆ ಎರಡೂ ಅಂಟಿದರೆ ಜಗಳ ಏನಿಲ್ಲ. ಕಮಾಂಡುಗಳನ್ನು ಒಂದರೊಳಗೊಂದು ಧೈರ್ಯವಾಗಿ ಇಡಬಹುದು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಕನ್ನಡಕ್ಕೂ ಇದು ಅನುಕೂಲ. ಟೆಕ್‌ನ ಪ್ರೋಗ್ರಾಂ, ಪ್ಯಾಕೇಜುಗಳೆಲ್ಲ ಒಟ್ಟಿಗೆ ಸಿಗುವ ಸಂಗ್ರಹ ಟೆಕ್ ಲೈವ್. ಅದರ 2020ರ ಆವೃತ್ತಿಯಿಂದ ಲುವಾಲೇಟೆಕ್ (ಲುವಾಟೆಕ್ ಮೇಲೆ ಓಡುವ ಲೇಟೆಕ್) ಒಳಗೆ ಹಾರ್ಫ್‌ಬಝ್ ಸೇರಿದೆ. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ಅದರದು. ಫಾಂಟ್ ಆರಿಸುವಾಗ ರೆಂಡರರ್ ಹಾರ್ಫ್‌ಬಝ್ ಅಂತ ಹೇಳಬೇಕು, ಮರೆಯಬೇಡಿ. ಕನ್ನಡದ ಹೈಫನ್ ನಿಯಮಗಳ ಕಡತವೂ ಟೆಕ್ ಲೈವ್‌ನಲ್ಲಿ ಇರುವುದರಿಂದ ಉದ್ದದ ಪದಗಳು ಗೆರೆ ಸಮೇತ ಮುರಿಯುತ್ತವೆ. ಟೆಕ್‌ನ ಇನ್ನೊಂದು ರೂಪವಾದ ಝೀಟೆಕ್ ಬಳಸುತ್ತಿರುವವರಿಗೆ ಲುವಾ-ಯುಎಲ್ ಸಿಗುವುದಿಲ್ಲ. ಅವರಿಗೆ ಯುಲೆಮ್‌ನ ಜೋಡಿ ಗುರುತೇ ಗಟ್ಟಿ ದಾರಿ. ಪದವನ್ನು ಇಡಿಯಾಗಿ ಡಬ್ಬಿಗೆ ಹಾಕುವುದರಿಂದ ಅದರಲ್ಲಿ ಒತ್ತಕ್ಷರ ಕೆಡುವುದಿಲ್ಲ.

ಲೇಟೆಕ್ ಬಿಟ್ಟು ಹೊರಗೆ ನೋಡಿದರೆ, ಟೆಕ್ ಮೇಲೆಯೇ ಕಟ್ಟಿದ ಕಾನ್‌ಟೆಕ್ಸ್ಟ್‌ನಲ್ಲಿ ಅಡಿಗೆರೆ, ಕಾಟು ಎಲ್ಲವೂ ಮೂಲ ವ್ಯವಸ್ಥೆಯೊಳಗೇ ಇವೆ. ಗೆರೆಯ ಎತ್ತರ, ದಪ್ಪ ಹೇಳಿ ನಮ್ಮದೇ ಗೆರೆಗಳನ್ನೂ ಮಾಡಿಕೊಳ್ಳಬಹುದು. 2023ರಲ್ಲಿ ಎಲ್ಲರಿಗೂ ತೆರೆದ, ಲೇಟೆಕ್ ಥರದ್ದೇ ಕೆಲಸ ಮಾಡುವ ಟಿಪ್ಸ್ಟ್‌ನಲ್ಲಿ ಅಂಡರ್‌ಲೈನ್ ಮತ್ತು ಸ್ಟ್ರೈಕ್ ಎರಡು ಫಂಕ್ಷನ್‌ಗಳು, ಒಂದರೊಳಗೆ ಒಂದು ಇಟ್ಟರೆ ಆಯಿತು.

ವೆಬ್ ಪುಟಗಳಲ್ಲಿ ಮಾತ್ರ ಬಹಳ ಜನ ಎಡವುವ ಒಂದು ಜಾಗ ಇದೆ. ವೆಬ್ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಒಂದೇ ಎಲಿಮೆಂಟಿಗೆ (ಪುಟದ ಒಂದು ತುಂಡಿಗೆ) ಮೊದಲು ಅಡಿಗೆರೆ ಅಂತ ಒಂದು ನಿಯಮ, ಆಮೇಲೆ ಕಾಟು ಅಂತ ಇನ್ನೊಂದು ನಿಯಮ ಬರೆದರೆ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ. ಎರಡನ್ನೂ ಒಂದೇ ನಿಯಮದಲ್ಲಿ, ನಡುವೆ ಜಾಗ ಬಿಟ್ಟು ಬರೆಯಬೇಕು. ಆದರೆ ಆಗ ಎರಡು ಗೆರೆಗೂ ಒಂದೇ ಬಣ್ಣ, ಒಂದೇ ದಪ್ಪ. ನೀಲಿ ಅಡಿಗೆರೆ, ಕೆಂಪು ಕಾಟು ಬೇಕಾದರೆ ಒಂದು ಎಲಿಮೆಂಟಿನೊಳಗೆ ಇನ್ನೊಂದು ಇಡಬೇಕು. ಸೇರಿಸಿದ್ದಕ್ಕೆ ಇನ್ಸ್, ಅಳಿಸಿದ್ದಕ್ಕೆ ಡೆಲ್ ಎಂಬ ಟ್ಯಾಗುಗಳು ಎಚ್‌ಟಿಎಂಎಲ್‌ನಲ್ಲಿ ಇದಕ್ಕೆಂದೇ ಇವೆ. ಇನ್ಸ್ ಒಳಗೆ ಡೆಲ್ ಇಟ್ಟರೆ ಎರಡೂ ಗೆರೆ ತಾನಾಗಿ ಬರುತ್ತವೆ, ಅರ್ಥವೂ ಉಳಿಯುತ್ತದೆ.

ಕನ್ನಡ ಅಕ್ಷರದ ಮೇಲೆ ಗೆರೆ

ಇಲ್ಲಿಯವರೆಗೆ ಹೇಳಿದ್ದು ಗೆರೆ ಎಳೆಯುವ ವಿಧಾನ. ಗೆರೆ ಎಷ್ಟು ಎತ್ತರದಲ್ಲಿ ಬೀಳಬೇಕು ಅನ್ನುವುದು ಬೇರೆ ಪ್ರಶ್ನೆ. ಕನ್ನಡದವರಿಗೆ ಇದು ಇನ್ನೂ ಮುಖ್ಯ.

ಓಪನ್‌ಟೈಪ್ ಫಾಂಟುಗಳೊಳಗೆ ಅಡಿಗೆರೆ ಎಲ್ಲಿರಬೇಕು, ಎಷ್ಟು ದಪ್ಪ, ಕಾಟು ಎಲ್ಲಿರಬೇಕು ಅನ್ನುವ ಅಂಕಿಗಳು ಇರುತ್ತವೆ. ಟಿಪ್ಸ್ಟ್ ಅವನ್ನು ಓದಿಕೊಳ್ಳುತ್ತದೆ. ಟೆಕ್‌ನ ಹಳೆಯ ಫಾಂಟ್ ಕಡತಗಳಲ್ಲಿ ಅಂಥ ಅಂಕಿಗಳಿಗೆ ಜಾಗವೇ ಇರಲಿಲ್ಲ. ಅದಕ್ಕೇ ಯುಲೆಮ್ ತಾನೇ ಅಳತೆ ತೆಗೆಯುತ್ತದೆ. ಅಡಿಗೆರೆಗಾಗಿ ಅದು ಅಳೆಯುವುದು ಆವರಣ ಚಿಹ್ನೆ ಮತ್ತು ಇಂಗ್ಲಿಷಿನ ಚಿಕ್ಕ ಜೆ ಅಕ್ಷರದ ಆಳವನ್ನು. ಕಾಟಿಗೆ ಇಂಗ್ಲಿಷಿನ ಚಿಕ್ಕ ಎಕ್ಸ್ ಅಕ್ಷರದ ಎತ್ತರದ 0.55 ಪಟ್ಟು. ಇಂಗ್ಲಿಷಿಗೆ ಇದು ಸರಿ. ಕನ್ನಡದ ಒತ್ತಕ್ಷರ ಜೆ ಬಾಲಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಅಡಿಗೆರೆ ಒತ್ತಕ್ಷರದ ಮಧ್ಯದಲ್ಲೇ ಹಾದುಹೋಗುತ್ತದೆ. ಆಗ ಅದು ಅಡಿಗೆರೆಯಾಗಿ ಕಾಣದೆ ಒತ್ತಕ್ಷರಕ್ಕೆ ಹಾಕಿದ ಕಾಟಿನ ಹಾಗೆ ಕಾಣುತ್ತದೆ! ಎರಡು ಗೆರೆಗೂ ಬೇರೆ ಬೇರೆ ಅರ್ಥ ಇರುವ ಕರಡಿನಲ್ಲಿ ಇದು ಸಣ್ಣ ತಪ್ಪಲ್ಲ.

ಪರಿಹಾರ ಇದೆ. ಯುಲೆಮ್‌ನ ಆಳದ ಅಳತೆಯನ್ನು ನಾವೇ ಕೊಡಬಹುದು. 'ರಾಷ್ಟ್ರ', 'ಸ್ತ್ರೀ' ಥರದ ಆಳದ ಪದವನ್ನು ಡಬ್ಬಿಗೆ ಹಾಕಿ ಅಳೆದು, ಅದಕ್ಕಿಂತ ಒಂದು ಕೂದಲೆಳೆ ಕೆಳಗೆ ಗೆರೆ ಇಡಿ. ಜೊತೆಗೆ ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಬೇಕು, ಇಲ್ಲದಿದ್ದರೆ ಗೆರೆ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಬ್ರೌಸರುಗಳು ಇದನ್ನು ಬೇರೆ ರೀತಿ ನಿಭಾಯಿಸುತ್ತವೆ: ಅಕ್ಷರ ತಾಗುವ ಕಡೆ ಅಡಿಗೆರೆಯನ್ನು ಕತ್ತರಿಸಿ ಜಾಗ ಬಿಡುತ್ತವೆ. ಟಿಪ್ಸ್ಟ್ ಕೂಡ ಹಾಗೇ ಮಾಡುತ್ತದೆ. ಇಂಗ್ಲಿಷಿನಲ್ಲಿ ಚೆಂದ ಕಾಣುತ್ತದೆ. ಒತ್ತಕ್ಷರ ಜಾಸ್ತಿ ಇರುವ ಕನ್ನಡ ಸಾಲಿನಲ್ಲಿ ಗೆರೆ ಚೂರು ಚೂರಾಗುತ್ತದೆ. ಕತ್ತರಿಸುವುದನ್ನು ನಿಲ್ಲಿಸಿ ಗೆರೆಯನ್ನೇ ಕೆಳಗೆ ಇಳಿಸುವುದು ಮೇಲು.

ಕಾಟಿನ ವಿಷಯದಲ್ಲಿ ತೊಂದರೆ ಇನ್ನೂ ಸೂಕ್ಷ್ಮ. 'ಕ' ಅಕ್ಷರದ ನಡುವೆ ಮೊದಲೇ ಒಂದು ಅಡ್ಡಗೆರೆ ಇದೆ. ಕಾಟು ಅದರ ಮೇಲೇ ಬಿದ್ದರೆ ಮಾಯವಾಗುತ್ತದೆ. ರ ಮತ್ತು ಠ, ಧ ಮತ್ತು ಥ ಇವುಗಳ ನಡುವಿನ ವ್ಯತ್ಯಾಸ ಒಳಗಿನ ಒಂದು ಚುಕ್ಕೆ ಅಷ್ಟೇ. ಸರಿಯಾಗಿ ನಡುವೆ ಹಾದುಹೋದ ಗೆರೆ ಆ ಚುಕ್ಕೆಯನ್ನು ನುಂಗಿಬಿಡುತ್ತದೆ. ಕಾಟು ಹಾಕಿದ ಪದ ಓದಲು ಬರಬೇಕು, ಇಲ್ಲದಿದ್ದರೆ ಅಳಿಸಿಯೇ ಬಿಡಬಹುದಿತ್ತಲ್ಲ! ಅದಕ್ಕೆ ಕನ್ನಡದಲ್ಲಿ ಕಾಟನ್ನು ನಡುವಿಗಿಂತ ಸ್ವಲ್ಪ ಮೇಲೆ, ತೆಳುವಾಗಿ, ಬೇರೆ ಬಣ್ಣದಲ್ಲಿ ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಬಣ್ಣವನ್ನೇ ನಂಬಿಕೊಳ್ಳುವಂತಿಲ್ಲ. ಕಪ್ಪು-ಬಿಳುಪು ಜೆರಾಕ್ಸ್ ಆದ ಮೇಲೂ ಗೆರೆ ಗೆರೆಯಾಗಿಯೇ ಕಾಣಬೇಕು.

ಕಾಪಿ ಮಾಡಿದರೆ ಗೆರೆ ಎಲ್ಲಿ ಹೋಯಿತು?

ಎರಡು ಕರಡುಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವ ಲೇಟೆಕ್‌ಡಿಫ್ ಎಂಬ ಪರ್ಲ್ ಪ್ರೋಗ್ರಾಂ ಇದೆ. ಸೇರಿಸಿದ್ದನ್ನು ನೀಲಿ ಬಣ್ಣ ಮತ್ತು ಅಲೆಗೆರೆಯಲ್ಲಿ, ತೆಗೆದದ್ದನ್ನು ಕೆಂಪು ಬಣ್ಣ ಮತ್ತು ಕಾಟಿನಲ್ಲಿ ತೋರಿಸುತ್ತದೆ. ಒಳಗೆ ಕೆಲಸ ಮಾಡುವುದು ಯುಲೆಮ್ಮೇ. ಅದು ಎರಡು ಕರಡುಗಳನ್ನು ಮಾತ್ರ ಹೋಲಿಸುವುದರಿಂದ ಎರಡೂ ಗೆರೆ ಬೀಳುವ ಪ್ರಶ್ನೆ ಬರುವುದಿಲ್ಲ. ಮೂರು ಕರಡುಗಳ ಕಥೆ ಹೇಳಬೇಕಾದವರು ಮೇಲೆ ಹೇಳಿದ ಹಾಗೆ ತಮ್ಮದೇ ಕಮಾಂಡ್ ಮಾಡಿಕೊಳ್ಳಬೇಕು. ಆ ಕಮಾಂಡಿಗೆ 'ಜೋಡಿಗೆರೆ' ಅಂತ ಹೆಸರಿಡುವ ಬದಲು 'ಸೇರಿಸಿ ತೆಗೆದದ್ದು' ಅಂತ ಇಟ್ಟರೆ, ನಾಳೆ ಗೆರೆಯ ರೂಪ ಬದಲಿಸಿದರೂ ಅರ್ಥ ಹಾಗೇ ಉಳಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಲೇಟೆಕ್‌ನಿಂದ ಹೊರಬಂದ ಪಿಡಿಎಫ್‌ನಲ್ಲಿ ಗೆರೆ ಬರೀ ಚಿತ್ರ. ಅಕ್ಷರಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಾಟು ಹಾಕಿದ ವಾಕ್ಯವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಕಾಟು ಬರುವುದಿಲ್ಲ, ತೆಗೆದ ಮಾತು ಮತ್ತೆ ಜೀವಂತ ಮಾತಾಗಿ ನಿಲ್ಲುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಕೂಡ ಅದನ್ನು ಮಾಮೂಲಿ ವಾಕ್ಯವಾಗಿಯೇ ಓದುತ್ತದೆ. 2008ರ ಪಿಡಿಎಫ್ ಮಾನದಂಡದಲ್ಲಿ ಪಠ್ಯಕ್ಕೆ ಗೆರೆ ಇದೆ ಅಂತ ಹೇಳುವ ಒಂದು ಗುಣ ಇದೆ. ಆದರೆ ಅದಕ್ಕೆ ಒಂದೇ ಬೆಲೆ ಕೊಡಬಹುದು: ಅಡಿಗೆರೆ, ಮೇಲ್ಗೆರೆ, ಕಾಟು ಇವುಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ಏನೂ ಇಲ್ಲ. ಎರಡೂ ಬೇಕಾದರೆ ಅಲ್ಲೂ ಒಂದರೊಳಗೆ ಒಂದು ಟ್ಯಾಗ್ ಇಡಬೇಕು.

ಹಾಗಾಗಿ ಕರಾರು, ನಿಯಮಾವಳಿ, ಸಂಘದ ಬೈಲಾ ಥರದ ಕಡತಗಳಲ್ಲಿ ಎರಡು ಗೆರೆ ಬಳಸುವವರು ಮೊದಲ ಪುಟದಲ್ಲೇ ಯಾವ ಗೆರೆಗೆ ಏನು ಅರ್ಥ ಅಂತ ಒಂದು ಸಾಲು ಬರೆಯಲಿ. ಗೆರೆ ಇಲ್ಲದ, ಶುದ್ಧ ಪ್ರತಿಯೊಂದನ್ನು ಜೊತೆಗೆ ಕೊಡಲಿ. ಕಳಿಸುವ ಮೊದಲು ಒಂದು ಪರೀಕ್ಷೆ ಪುಟ ಮಾಡಿ ನೋಡಿ. ಅದರಲ್ಲಿ 'ರಾಷ್ಟ್ರ', 'ಕಠಿಣ', 'ಕಥೆ' ಇರಲಿ, ಸಾಲಿನ ಕೊನೆಗೆ ಬೀಳುವಂಥ ಒಂದು ಉದ್ದದ ಪದ ಇರಲಿ, ದಪ್ಪಕ್ಷರದ ಒಂದು ಪದವೂ ಇರಲಿ. ಪ್ರಿಂಟ್ ತೆಗೆದು, ಅದನ್ನೇ ಒಮ್ಮೆ ಜೆರಾಕ್ಸ್ ಮಾಡಿಸಿ, ಜೆರಾಕ್ಸ್ ಪ್ರತಿಯಲ್ಲಿ ಎರಡು ಗೆರೆಗಳೂ ಬೇರೆ ಬೇರೆಯಾಗಿ ಕಾಣುತ್ತವಾ ನೋಡಿ. ಕಾಣದಿದ್ದರೆ ಮೊದಲು ಬದಲಿಸಬೇಕಾದ್ದು ಅಡಿಗೆರೆಯ ಆಳ, ಆಮೇಲೆ ಕಾಟಿನ ಎತ್ತರ, ಕೊನೆಗೆ ದಪ್ಪ.